ಮೊದಲು ಬಂದವರು, ಕಡೆಗೆ ಬಂದವರು: ಜೀವಸಮುದಾಯಗಳ ಆಗಮನಚರಿತ್ರೆ ಮತ್ತು ಸೃಷ್ಟಿಯ ದೈವಶಾಸ್ತ್ರ

ಮೈಸೂರಿನ ಚಾಮುಂಡಿ ಬೆಟ್ಟದ ಕುರುಚಲು ಕಾಡನ್ನು ಹೊಕ್ಕವರಿಗೂ ನಂಜನಗೂಡು, ಗುಂಡ್ಲುಪೇಟೆಗಳನ್ನು ದಾಟಿ ಬಂಡೀಪುರದ ಕಡೆಗೆ ಪ್ರಯಾಣ ಮಾಡಿದವರಿಗೂ ಒಂದು ಗಿಡ ಚಿರಪರಿಚಿತ. ಅದು ಲಂಟಾನ. ಒಂದೇ ಗೊಂಚಲಿನಲ್ಲಿ ಹಳದಿ, ಕೇಸರಿ, ಗುಲಾಬಿ ಬಣ್ಣದ ಹೂಗಳನ್ನು ಬಿಡುವ ಈ ಮುಳ್ಳುಪೊದೆ ಅಮೆರಿಕ ಖಂಡದ ಉಷ್ಣವಲಯದ್ದು. 19ನೇ ಶತಮಾನದಲ್ಲಿ ಉದ್ಯಾನಗಳ ಅಲಂಕಾರಕ್ಕೆಂದು ಇದನ್ನು ಭಾರತಕ್ಕೆ ತಂದರು. ಇಂದು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಲ್ಲಿ ಮೈಲಿಗಟ್ಟಲೆ ಇದೇ ಹಬ್ಬಿದೆ. ಇದರ ಅಡಿಯಲ್ಲಿ ಹುಲ್ಲು ಬೆಳೆಯದು. ಮರದ ಸಸಿ ಮೇಲೇಳದು.

ಈ ನೋಟವು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಡುತ್ತದೆ. ಒಂದು ಪ್ರದೇಶದಲ್ಲಿ ಯಾವ ಜೀವಿಗಳು ಇರುತ್ತವೆ, ಅವು ಕಾಲಾಂತರದಲ್ಲಿ ಯಾವ ರೂಪಗಳನ್ನು ತಾಳುತ್ತವೆ ಎಂಬುದನ್ನು ನಿರ್ಧರಿಸುವುದು ಯಾವುದು? ಮಣ್ಣು, ಮಳೆ, ಬಿಸಿಲುಗಳು ಮಾತ್ರವೇ? ಅಥವಾ ಆ ಜೀವಿಗಳು ಅಲ್ಲಿಗೆ ಬಂದ ಅನುಕ್ರಮಕ್ಕೂ ಇದರಲ್ಲಿ ಪಾಲಿದೆಯೇ? ಅನುಕ್ರಮಕ್ಕೆ ದೊಡ್ಡ ಪಾಲಿದೆ ಎಂಬುದು ಇಂದಿನ ಜೀವವಿಜ್ಞಾನದ ಉತ್ತರ. ಈ ಉತ್ತರವನ್ನು ಮೊದಲು ಸರಿಯಾಗಿ ಅರ್ಥಮಾಡಿಕೊಂಡು, ಬಳಿಕ ದೇವರನ್ನು ಸೃಷ್ಟಿಕರ್ತನೆಂದು ಅರಿಕೆಮಾಡುವ ಸಭೆಗೆ ಇದರಿಂದ ಬರುವ ಹೊಣೆ ಯಾವುದೆಂದು ವಿಚಾರಿಸುವುದು ಈ ಲೇಖನದ ಉದ್ದೇಶ.

1. ಅನುಕ್ರಮವು ಏಕೆ ಮುಖ್ಯ?

20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕ್ಲೆಮೆಂಟ್ಸ್ ಒಂದು ಪ್ರಭಾವಶಾಲಿ ಸಿದ್ಧಾಂತವನ್ನು ಮಂಡಿಸಿದನು. 1916ರ ಅವನ ಗ್ರಂಥದ ಪ್ರಕಾರ ಪ್ರತಿಯೊಂದು ಹವಾಗುಣಕ್ಕೂ ತಕ್ಕ ಒಂದು ಪಕ್ವ ಸಸ್ಯಸಮುದಾಯವಿದೆ. ಆರಂಭದಲ್ಲಿ ಯಾವ ಗಿಡ ಬೇರೂರಿದರೂ ಕೊನೆಗೆ ಆ ನೆಲವು ಅದೇ ಪಕ್ವ ಸ್ಥಿತಿಯನ್ನು ತಲುಪುತ್ತದೆ. ಕಾಡಿಗೆ ಗುರಿ ಇದೆ, ಚರಿತ್ರೆ ಮುಖ್ಯವಲ್ಲ ಎಂಬುದೇ ಇದರ ಸಾರ. 1926ರಲ್ಲಿ ಹೆನ್ರಿ ಗ್ಲೀಸನ್ ಇದನ್ನು ಪ್ರಶ್ನಿಸಿದನು. ಯಾವ ಬೀಜ ಯಾವಾಗ ಯಾವ ನೆಲಕ್ಕೆ ಬಿತ್ತು ಎಂಬ ಆಕಸ್ಮಿಕವೂ ಸಮುದಾಯವನ್ನು ರೂಪಿಸುತ್ತದೆ ಎಂಬುದು ಅವನ ವಾದ. ಮುಂದಿನ ಸಂಶೋಧನೆಯು ಗ್ಲೀಸನ್ನನ ಒಳನೋಟಕ್ಕೆ ಹೆಚ್ಚು ಬೆಲೆ ಕೊಟ್ಟಿತು.

ಮೊದಲು ಬಂದ ಜೀವಿಯು ಆಮೇಲೆ ಬರುವವುಗಳ ಮೇಲೆ ಎರಡು ಬಗೆಯಲ್ಲಿ ಪ್ರಭಾವ ಬೀರುತ್ತದೆ. ಮೊದಲನೆಯದು, ಸ್ಥಳವನ್ನು ಹಿಡಿಯುವುದು. ಬೆಳಕು, ನೀರು, ಆಹಾರಗಳನ್ನು ಅದು ಮೊದಲೇ ತನ್ನದಾಗಿಸಿಕೊಳ್ಳುವುದರಿಂದ ಅದೇ ಬಗೆಯ ಬದುಕುಳ್ಳ ಮತ್ತೊಂದಕ್ಕೆ ಎಡೆಯಿರುವುದಿಲ್ಲ. ಎರಡನೆಯದು, ಸ್ಥಳವನ್ನೇ ಮಾರ್ಪಡಿಸುವುದು. ಬಯಲುಸೀಮೆಯ ಹೊಲದಲ್ಲಿ ಒಂಟಿಯಾಗಿ ನಿಂತ ಆಲದ ಮರವನ್ನು ಗಮನಿಸಿರಿ. ಅದರ ಹಣ್ಣಿಗಾಗಿ ಹಕ್ಕಿಗಳು ಬರುತ್ತವೆ. ಹಕ್ಕಿಗಳ ಹಿಕ್ಕೆಯೊಡನೆ ಬೇರೆ ಮರಗಳ ಬೀಜಗಳು ಬೀಳುತ್ತವೆ. ನೆರಳಿನ ತಂಪಿನಲ್ಲಿ ಅವು ಮೊಳೆಯುತ್ತವೆ. ಇಲ್ಲಿ ಮೊದಲು ಬಂದದ್ದು ಇತರರಿಗೆ ಬಾಗಿಲು ತೆರೆಯಿತು. ಲಂಟಾನವಾದರೋ ದಟ್ಟ ನೆರಳಿನಿಂದ ಅದೇ ಬಾಗಿಲನ್ನು ಮುಚ್ಚುತ್ತದೆ.

ಆದರೆ ಲಂಟಾನವು ತಡವಾಗಿ ಬಂದದ್ದಲ್ಲವೇ, ಸಾವಿರಾರು ವರ್ಷಗಳಿಂದ ಇದ್ದ ಗಿಡಮರಗಳನ್ನು ಅದು ಹೇಗೆ ಹಿಂದಿಕ್ಕಿತು ಎಂದು ಓದುಗರು ಕೇಳಬಹುದು. ಆಗಮನದ ಲೆಕ್ಕವು ಆದಿಯಿಂದ ಮಾತ್ರ ನಡೆಯುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಮರ ಕಡಿದಾಗ, ಬಿದಿರುಮೆಳೆಗಳು ಹೂಬಿಟ್ಟು ಒಟ್ಟಿಗೆ ಸತ್ತಾಗ, ಕಾಡಿನ ಮೇಲ್ಛಾವಣಿ ತೆರೆದು ಬೆಳಕು ನೆಲಕ್ಕೆ ಬೀಳುತ್ತದೆ. ಆ ಕ್ಷಣದಲ್ಲಿ ಲೆಕ್ಕ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ತೆರೆದ ಜಾಗವನ್ನು ಯಾವುದು ಮೊದಲು ತಲುಪುತ್ತದೋ ಅದೇ ಅಲ್ಲಿ ಮೊದಲು ಬಂದದ್ದು. ಹಕ್ಕಿಗಳು ತಿಂದು ಎಲ್ಲೆಡೆ ಹರಡುವ ಸಣ್ಣ ಹಣ್ಣುಗಳುಳ್ಳ ಲಂಟಾನವು ಈ ಓಟದಲ್ಲಿ ಬಹುಬೇಗ ಮುಂದಾಗುತ್ತದೆ.

2. ಗಾಜಿನ ಬಾಟಲಿಯಲ್ಲಿ ಕಂಡ ಚರಿತ್ರೆ

ಇಷ್ಟರವರೆಗೆ ಹೇಳಿದ್ದು ಯಾವ ಪ್ರಭೇದ ಎಲ್ಲಿ ನೆಲೆಸುತ್ತದೆ ಎಂಬುದನ್ನು ಕುರಿತದ್ದು. ಇನ್ನೂ ಆಳವಾದ ಪ್ರಶ್ನೆಯೊಂದಿದೆ: ಹೊಸ ಪ್ರಭೇದಗಳು ಹುಟ್ಟುವುದೂ ಆಗಮನದ ಅನುಕ್ರಮವನ್ನು ಅವಲಂಬಿಸಿದೆಯೇ? ಒಂದು ವಂಶವು ಕವಲೊಡೆದು ಹಲವಾಗಲು ಸಾಮಾನ್ಯವಾಗಿ ಲಕ್ಷಾಂತರ ವರ್ಷಗಳು ಬೇಕು. ಅದನ್ನು ಯಾರೂ ಕುಳಿತು ನೋಡಲಾರರು. ಆದರೆ ಬ್ಯಾಕ್ಟೀರಿಯಗಳ ಪೀಳಿಗೆಗಳು ಗಂಟೆಗಳ ಲೆಕ್ಕದಲ್ಲಿ ಸಾಗುತ್ತವೆ. ಆದಕಾರಣ ವಿಕಾಸದ ಚಿಕ್ಕ ಮಾದರಿಯನ್ನು ಪ್ರಯೋಗಾಲಯದಲ್ಲಿ ಕಣ್ಣಾರೆ ಕಾಣಬಹುದು.

1998ರಲ್ಲಿ ಪಾಲ್ ರೇನಿ ಮತ್ತು ಮೈಕೆಲ್ ಟ್ರಾವಿಸಾನೊ ಎಂಬವರು ಸ್ಯೂಡೋಮೋನಾಸ್ ಫ್ಲೂರೆಸೆನ್ಸ್ ಎಂಬ ಬ್ಯಾಕ್ಟೀರಿಯದ ಒಂದೇ ಬಗೆಯನ್ನು ಪೋಷಕದ್ರವವಿದ್ದ ಗಾಜಿನ ಬಾಟಲಿಗಳಲ್ಲಿ ಹಾಕಿದರು. ಅಲುಗಾಡಿಸದೆ ಬಿಟ್ಟ ಬಾಟಲಿಗಳಲ್ಲಿ ಕೆಲವೇ ದಿನಗಳೊಳಗೆ ಆ ಒಂದು ಬಗೆಯು ಮೂರಾಯಿತು. ನುಣುಪಾದ ಮೂಲರೂಪವು ದ್ರವದೊಳಗೆ ಉಳಿಯಿತು. ಸುಕ್ಕುಗಟ್ಟಿದ ಹೊಸ ರೂಪವೊಂದು ಆಮ್ಲಜನಕ ಹೇರಳವಾಗಿರುವ ಮೇಲ್ಮೈಯಲ್ಲಿ ಚಾಪೆಯಂತೆ ಹರಡಿತು. ಮತ್ತೊಂದು ರೂಪವು ತಳದಲ್ಲಿ ನೆಲೆಸಿತು. ಸದಾ ಅಲುಗಾಡಿಸುತ್ತಿದ್ದ ಬಾಟಲಿಗಳಲ್ಲಿ ಮೇಲು, ನಡು, ತಳ ಎಂಬ ಭೇದವೇ ಇಲ್ಲದ್ದರಿಂದ ಈ ವೈವಿಧ್ಯ ಹುಟ್ಟಲಿಲ್ಲ. ಬರಿದಾದ ನೆಲೆಗಳಿದ್ದರೆ ಜೀವವು ಕವಲೊಡೆದು ಅವುಗಳನ್ನು ತುಂಬುತ್ತದೆ ಎಂಬುದು ಹೀಗೆ ಸ್ಪಷ್ಟವಾಯಿತು.

2007ರಲ್ಲಿ ತದಾಶಿ ಫುಕಾಮಿ ಮತ್ತು ಸಂಗಡಿಗರು ಇದೇ ಬ್ಯಾಕ್ಟೀರಿಯವನ್ನು ಬಳಸಿ ಆಗಮನದ ಪ್ರಶ್ನೆಯನ್ನು ಕೇಳಿದರು. ಮೂಲರೂಪವು ಕವಲೊಡೆಯಬೇಕಾಗಿದ್ದ ಬಾಟಲಿಗಳಿಗೆ, ಆಯಾ ನೆಲೆಗೆ ಈಗಾಗಲೇ ಹೊಂದಿಕೊಂಡಿದ್ದ ರೂಪಗಳನ್ನು ಬೇರೆ ಬೇರೆ ಸಮಯದಲ್ಲಿ ಹೊರಗಿನಿಂದ ಸೇರಿಸಿದರು. ಬಾಟಲಿ ಒಂದೇ, ದ್ರವ ಒಂದೇ. ವ್ಯತ್ಯಾಸವಿದ್ದದ್ದು ವಲಸಿಗನ ಆಗಮನಚರಿತ್ರೆಯಲ್ಲಿ. ಬೇಗ ಬಂದ ವಲಸಿಗನು ನೆಲೆಯನ್ನು ಹಿಡಿದಾಗ, ಮೂಲವಂಶದೊಳಗಿಂದ ಹುಟ್ಟಬೇಕಾಗಿದ್ದ ವೈವಿಧ್ಯವು ಅಡಗಿತು. ಮೂಲವಂಶವು ಮೊದಲೇ ಕವಲೊಡೆದಿದ್ದರೆ, ತಡವಾಗಿ ಬಂದವನಿಗೆ ಅದನ್ನು ತಡೆಯುವ ಬಲ ಉಳಿಯಲಿಲ್ಲ. ಎಂದರೆ, ಯಾರು ಬಂದರು ಎಂಬುದರಷ್ಟೇ ಯಾವಾಗ ಬಂದರು ಎಂಬುದೂ ಮುಂದಿನ ವಿಕಾಸದ ದಾರಿಯನ್ನು ನಿರ್ಣಯಿಸಿತು.

3. ದ್ವೀಪಗಳಲ್ಲಿಯೂ ಸಹ್ಯಾದ್ರಿಯಲ್ಲಿಯೂ

ಬಾಟಲಿಯಲ್ಲಿ ದಿನಗಳಲ್ಲಿ ನಡೆದದ್ದು ದ್ವೀಪಗಳಲ್ಲಿ ಲಕ್ಷಾಂತರ ವರ್ಷಗಳಲ್ಲಿ ನಡೆದಿದೆ. ಗಲಾಪಗೋಸ್ ದ್ವೀಪಗಳಿಗೆ ಸುಮಾರು 20ರಿಂದ 30 ಲಕ್ಷ ವರ್ಷಗಳ ಹಿಂದೆ ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಒಂದು ಹಕ್ಕಿಯ ವಂಶವು ಡಾರ್ವಿನ್ನನ ಫಿಂಚ್‌ಗಳೆಂದು ಹೆಸರಾದ ಹತ್ತಾರು ಪ್ರಭೇದಗಳಾಯಿತು. ಕೆಲವು ಗಟ್ಟಿ ಬೀಜ ಒಡೆಯುತ್ತವೆ, ಕೆಲವು ಪಾಪಾಸುಕಳ್ಳಿಯನ್ನು ತಿನ್ನುತ್ತವೆ, ಕೆಲವು ಸಪೂರ ಕೊಕ್ಕಿನಿಂದ ಎಲೆಗಳ ನಡುವಿನ ಹುಳುಗಳನ್ನು ಹೆಕ್ಕುತ್ತವೆ. ಹುಳು ಹೆಕ್ಕುವುದರಲ್ಲಿ ನಿಪುಣವಾದ ಹಳದಿ ವಾರ್ಬ್ಲರ್ ಹಕ್ಕಿಯೂ ಅದೇ ದ್ವೀಪಗಳಿಗೆ ಬಂದಿತು, ಆದರೆ ಬಹಳ ತಡವಾಗಿ. ಅದು ಇಂದಿಗೂ ಅಲ್ಲಿ ಒಂದೇ ಪ್ರಭೇದವಾಗಿ ಉಳಿದಿದೆ. ಕವಲೊಡೆಯಲು ಅದಕ್ಕೆ ದೊರೆತ ಕಾಲವೂ ಕಡಿಮೆ. ಫಿಂಚ್‌ಗಳು ಮೊದಲೇ ತುಂಬಿದ ನೆಲೆಗಳಲ್ಲಿ ಉಳಿದ ಎಡೆಯೂ ಕಡಿಮೆ.

ನಮ್ಮ ಸಹ್ಯಾದ್ರಿಯ ಚರಿತ್ರೆಯೂ ಒಂದು ಅರ್ಥದಲ್ಲಿ ದ್ವೀಪದ ಚರಿತ್ರೆಯೇ. ಭಾರತದ ಭೂಭಾಗವು ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರಿನಿಂದಲೂ, ಸುಮಾರು 6.5 ಕೋಟಿ ವರ್ಷಗಳ ಹಿಂದೆ ಸೇಶೆಲ್ಸ್ ದ್ವೀಪಗಳಿಂದಲೂ ಬೇರ್ಪಟ್ಟು, ಉತ್ತರಕ್ಕೆ ತೇಲಿ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯವನ್ನು ಸೇರಿತು. ಅದು ತನ್ನೊಡನೆ ಹೊತ್ತು ತಂದ ಜೀವಿಗಳಿವೆ. ಏಷ್ಯವನ್ನು ಸೇರಿದ ಮೇಲೆ ಬಂದು ಕೂಡಿಕೊಂಡ ಜೀವಿಗಳೂ ಇವೆ. 2003ರಲ್ಲಿ ಎಸ್.ಡಿ. ಬಿಜು ಮತ್ತು ಫ್ರಾಂಕಿ ಬೋಸ್ಸುಯಿಟ್ ವರ್ಣಿಸಿದ ನೇರಳೆ ಕಪ್ಪೆಯು ಮೊದಲ ಗುಂಪಿನದು. ವರ್ಷದ ಬಹುಭಾಗ ನೆಲದೊಳಗೇ ಇದ್ದು ಮುಂಗಾರಿನ ಆರಂಭದಲ್ಲಿ ಕೆಲವು ದಿನ ಹೊರಬರುವ ಈ ಕಪ್ಪೆಯ ಹತ್ತಿರದ ಬಂಧುಗಳು ಇರುವುದು ಸಾಗರದಾಚೆಯ ಸೇಶೆಲ್ಸಿನಲ್ಲಿ.

ಮಲೆನಾಡಿನ ತೊರೆಗಳಲ್ಲಿ ವಾಸಿಸುವ ಇರುಳುಗಪ್ಪೆಗಳೂ ಪ್ರಾಚೀನ ವಂಶದವೇ. ಆ ಕುಲವು ಪಶ್ಚಿಮ ಘಟ್ಟಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಅವುಗಳಲ್ಲೊಂದನ್ನು 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ವರ್ಣಿಸಿ ಕುಂಬಾರ ಕಪ್ಪೆಯೆಂದು ಹೆಸರಿಟ್ಟರು. ಇದರ ಗಂಡು ತನ್ನ ಮುಂಗೈಗಳಿಂದ ಕೆಸರನ್ನೆತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಇನ್ನೊಂದು ವಂಶವಾದ ಪೊದೆಗಪ್ಪೆಗಳು ಬೇರೆ ದಾರಿ ಹಿಡಿದವು. ಅವುಗಳ ಮರಿಗಳು ಗೊದಮೊಟ್ಟೆಯ ಹಂತವನ್ನು ಮೊಟ್ಟೆಯೊಳಗೇ ಮುಗಿಸಿ ಪುಟ್ಟ ಕಪ್ಪೆಗಳಾಗಿಯೇ ಹೊರಬರುವುದರಿಂದ ಅವಕ್ಕೆ ತೊರೆಯ ಹಂಗಿಲ್ಲ. ಹೀಗೆ ನೀರಿನಿಂದ ದೂರವಿರುವ ಪೊದೆಗಳಲ್ಲಿ ಹರಡಿ ಅವು 60ಕ್ಕೂ ಹೆಚ್ಚು ಪ್ರಭೇದಗಳಾಗಿವೆ. ಒಂದೇ ಮಳೆ, ಒಂದೇ ಬೆಟ್ಟ. ಆದರೂ ಎರಡು ವಂಶಗಳ ಚರಿತ್ರೆ ಎರಡು.

ಹಾಗಾದರೆ ಎಲ್ಲವೂ ಆಕಸ್ಮಿಕವೇ? ಹಾಗೆನ್ನುವುದು ಅವಸರದ ಮಾತಾದೀತು. ಕ್ಯೂಬಾ, ಹಿಸ್ಪಾನಿಯೋಲ, ಜಮೈಕ, ಪೋರ್ಟೊ ರಿಕೊ ಎಂಬ ನಾಲ್ಕು ಕೆರಿಬಿಯನ್ ದ್ವೀಪಗಳಲ್ಲಿ ಅನೋಲಿಸ್ ಎಂಬ ಹಲ್ಲಿಗಳು ಬೇರೆ ಬೇರೆಯಾಗಿಯೇ ಕವಲೊಡೆದರೂ, ಕಾಂಡಕ್ಕೆ ತಕ್ಕ ಉದ್ದ ಕಾಲಿನ ರೂಪ, ತೆಳುಕೊಂಬೆಗೆ ತಕ್ಕ ಗಿಡ್ಡ ಕಾಲಿನ ರೂಪ ಮೊದಲಾದ ಒಂದೇ ಬಗೆಯ ಆಕಾರಗಳು ಮತ್ತೆ ಮತ್ತೆ ಹುಟ್ಟಿವೆ. ಜೀವದ ಚರಿತ್ರೆಯನ್ನು ಮೊದಲಿನಿಂದ ಮತ್ತೆ ನಡೆಸಿದರೆ ಫಲ ಬೇರೆಯೇ ಆಗುವುದೆಂದು ಸ್ಟೀಫನ್ ಜೇ ಗೌಲ್ಡ್ 1989ರಲ್ಲಿ ವಾದಿಸಿದರು. ಒಂದೇ ಬಗೆಯ ಪರಿಹಾರಗಳತ್ತ ಜೀವವು ಪುನಃ ಪುನಃ ಸಾಗುತ್ತದೆಂದು ಕ್ರೈಸ್ತ ವಿಶ್ವಾಸಿಯೂ ಜೀವಾವಶೇಷಗಳ ತಜ್ಞರೂ ಆದ ಸೈಮನ್ ಕಾನ್ವೇ ಮಾರಿಸ್ 2003ರ ತಮ್ಮ ಗ್ರಂಥದಲ್ಲಿ ಪ್ರತಿವಾದ ಹೂಡಿದರು. ಆಗಮನಚರಿತ್ರೆಯ ಅಧ್ಯಯನವು ಈ ಇಬ್ಬರ ಮಾತಿಗೂ ಸ್ಥಳ ಕೊಡುತ್ತದೆ. ಯಾವ ಬಗೆಯ ಬದುಕುಗಳು ಸಾಧ್ಯ ಎಂಬುದಕ್ಕೆ ನಿಯಮವಿದೆ. ಆ ಬದುಕನ್ನು ಯಾವ ವಂಶವು ಬಾಳುವುದು ಎಂಬುದಕ್ಕೆ ಚರಿತ್ರೆಯಿದೆ.

4. ದೇವರ ಪರಾಮರಿಕೆಯನ್ನು ಅರಿಯುವ ಬಗೆ

ಈಗ ದೈವಶಾಸ್ತ್ರದ ಪ್ರಶ್ನೆಗೆ ಬರೋಣ. ಸೃಷ್ಟಿಯೆಂದರೆ ದೇವರು ಮೊದಲೇ ಬರೆದಿಟ್ಟ ನಕ್ಷೆ, ಜಗತ್ತು ಅದರ ಅಚ್ಚು ಎಂದು ನಾವು ಭಾವಿಸಿದ್ದರೆ ಮೇಲಿನ ಸಂಗತಿಗಳು ನಮ್ಮನ್ನು ಇಕ್ಕಟ್ಟಿಗೆ ಸಿಲುಕಿಸುತ್ತವೆ. ಪ್ರತಿಯೊಂದು ಫಲವೂ ದೇವರ ನೇರ ತೀರ್ಮಾನವೆಂದರೆ ಲಂಟಾನದಡಿಯಲ್ಲಿ ಹುಲ್ಲು ಸಾಯುವುದೂ ಆತನ ತೀರ್ಮಾನವಾಗುತ್ತದೆ. ಅದನ್ನು ಕೀಳುವವನು ದೈವಸಂಕಲ್ಪವನ್ನು ಎದುರಿಸಿದವನಾಗುತ್ತಾನೆ. ಎಲ್ಲವೂ ಬರಿಯ ಆಕಸ್ಮಿಕವೆಂದರೆ ಸೃಷ್ಟಿಯ ಅರಿಕೆಯೇ ಬರಿದಾಗುತ್ತದೆ. ಸತ್ಯವೇದವು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ನಮ್ಮನ್ನು ಒತ್ತಾಯಿಸುವುದಿಲ್ಲ.

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಸಸ್ಯಗಳನ್ನು ಹುಟ್ಟಿಸುವಂತೆ ಭೂಮಿಗೆ ಅಪ್ಪಣೆ ಕೊಡುತ್ತಾನೆ. ಜೀವಜಂತುಗಳನ್ನು ಹೊರತರುವಂತೆ ಮತ್ತೆ ಭೂಮಿಗೇ ಹೇಳುತ್ತಾನೆ. ಸೃಷ್ಟಿಯಾದದ್ದೇ ಸೃಷ್ಟಿಕಾರ್ಯದಲ್ಲಿ ಪಾಲುಗೊಳ್ಳುವಂತೆ ಕರೆಯಲ್ಪಟ್ಟಿದೆ. ಆಗಸ್ಟೀನನು ತನ್ನ ಆದಿಕಾಂಡದ ವ್ಯಾಖ್ಯಾನದಲ್ಲಿ, ದೇವರು ಆದಿಯಲ್ಲಿ ಅನೇಕವನ್ನು ಬೀಜರೂಪದ ಕಾರಣಗಳಾಗಿ ಇರಿಸಿದನೆಂದೂ ಅವು ತಮ್ಮ ತಮ್ಮ ಕಾಲದಲ್ಲಿ ಪ್ರಕಟವಾಗುತ್ತವೆಂದೂ ವಿವರಿಸಿದನು. ಆಗಸ್ಟೀನನು ವಿಕಾಸವಾದಿಯಾಗಿರಲಿಲ್ಲ, ಅವನ ಬಾಯಲ್ಲಿ ನಮ್ಮ ಕಾಲದ ಮಾತನ್ನು ಹಾಕಬಾರದು. ಆದರೂ ಕಾಲವೆಂಬುದು ಸೃಷ್ಟಿಗೆ ಹೊರಗಿನದಲ್ಲ, ಸೃಷ್ಟಿಯ ಒಳಗಿನದೇ ಎಂಬ ಅವನ ತಿಳಿವಳಿಕೆ ನಮಗೆ ದಾರಿ ತೋರಿಸುತ್ತದೆ.

ಯೋಸೇಫನ ಚರಿತ್ರೆಯೂ ಇಲ್ಲಿ ನೆರವಾಗುತ್ತದೆ. ಅಣ್ಣಂದಿರು ಅವನನ್ನು ಮಾರಿದ್ದು ಕೇಡೇ. ಕೊನೆಯವರೆಗೂ ಅದು ಕೇಡೆಂದೇ ಉಳಿಯುತ್ತದೆ. ಆದರೆ ದೇವರು ಆ ಚರಿತ್ರೆಯನ್ನು ಅಳಿಸದೆ, ಅದರೊಳಗಿಂದಲೇ ಅನೇಕರ ಪ್ರಾಣರಕ್ಷಣೆಯನ್ನು ಸಾಧಿಸುತ್ತಾನೆ (ಆದಿಕಾಂಡ 50:20). ದೇವರ ಪರಾಮರಿಕೆಯೆಂದರೆ ಚರಿತ್ರೆಗೆ ಬದಲಾಗಿ ನಿಲ್ಲುವ ನಕ್ಷೆಯಲ್ಲ. ನಿಜವಾಗಿ ನಡೆದ ಚರಿತ್ರೆಯನ್ನು ಕೈಬಿಡದ ನಂಬಿಗಸ್ತಿಕೆ. ಕಪ್ಪೆಗಳ ಚರಿತ್ರೆಯನ್ನೂ ಕಾಡಿನ ಚರಿತ್ರೆಯನ್ನೂ ನಾವು ಹೀಗೆಯೇ ಓದಬಹುದು.

ಇದರಿಂದ ಮುಖ್ಯವಾದ ತೀರ್ಮಾನವೊಂದು ಬರುತ್ತದೆ. ಚರಿತ್ರೆಯಿಂದ ಹುಟ್ಟಿದ್ದನ್ನು ಮತ್ತೆ ಹುಟ್ಟಿಸಲಾಗದು. ಕುಂಬಾರ ಕಪ್ಪೆ ಅಳಿದರೆ, ಅದೇ ಮಳೆಯೂ ಅದೇ ತೊರೆಯೂ ಉಳಿದಿದ್ದರೂ ಅದು ಮರಳಿ ಬಾರದು. ಅದನ್ನು ರೂಪಿಸಿದ ಅನುಕ್ರಮವು ಒಮ್ಮೆ ಮಾತ್ರ ನಡೆದದ್ದು. ಆಕಸ್ಮಿಕವು ಸೃಷ್ಟಿಯ ಬೆಲೆಯನ್ನು ಕುಗ್ಗಿಸುತ್ತದೆಂಬ ಭಯ ನಮ್ಮಲ್ಲಿ ಅನೇಕರಿಗಿದೆ. ವಾಸ್ತವವಾಗಿ ಅದು ಪ್ರತಿಯೊಂದು ಜೀವಿಯನ್ನೂ ಬದಲಿಯಿಲ್ಲದ್ದನ್ನಾಗಿ ಮಾಡುತ್ತದೆ. 104ನೆಯ ಕೀರ್ತನೆಯು ಸೃಷ್ಟಿಯನ್ನು ಒಟ್ಟಾಗಿ ಮಾತ್ರ ಹೊಗಳದೆ ಕಾಡುಕತ್ತೆ, ಕೊಕ್ಕರೆ, ಬೆಟ್ಟದ ಮೊಲ ಎಂದು ಹೆಸರು ಹಿಡಿದು ಎಣಿಸುವುದರಲ್ಲಿ ಈ ಬೆಲೆಯ ಅರಿವಿದೆ.

5. ಮನುಷ್ಯರಿಗೆ ಅನ್ವಯಿಸುವಾಗ ಎಚ್ಚರಿಕೆ

ಇಲ್ಲಿ ಒಂದು ಅಪಾಯವನ್ನು ನಾವು ಮರೆಯಬಾರದು. ಸ್ಥಳೀಯ, ಪರಕೀಯ, ಆಕ್ರಮಣಕಾರಿ ಎಂಬ ಮಾತುಗಳು ಸಸ್ಯಗಳ ವಿಷಯದಲ್ಲಿ ಉಪಯುಕ್ತ. ಮನುಷ್ಯರ ವಿಷಯದಲ್ಲಿ ಅವು ಬೇಗನೆ ವಿಷವಾಗುತ್ತವೆ. ಮೊದಲು ಬಂದವನಿಗೇ ನೆಲ, ಮೊದಲು ಬಂದವನಿಗೇ ಗೌರವ ಎಂಬ ವಾದವನ್ನು ಕೇಳದ ಊರಿಲ್ಲ. ಪ್ರಕೃತಿಯಲ್ಲಿ ಹೀಗೆ ನಡೆಯುತ್ತದೆ ಎಂಬುದರಿಂದ ಮನುಷ್ಯರ ನಡುವೆ ಹೀಗೆಯೇ ನಡೆಯಬೇಕು ಎಂಬ ನಿಯಮ ಹುಟ್ಟುವುದಿಲ್ಲ. ಪ್ರಭೇದಗಳು ಬೇರೆ ಬೇರೆ. ಮನುಷ್ಯರಾದರೋ ಒಂದೇ ಪ್ರಭೇದ, ಒಂದೇ ದೇವಸ್ವರೂಪ.

ಯೇಸುಸ್ವಾಮಿಯು ಹೇಳಿದ ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯದಲ್ಲಿ (ಮತ್ತಾಯ 20:1–16) ಬೆಳಿಗ್ಗೆ ಬಂದವರೂ ಸಂಜೆ ಬಂದವರೂ ಸಮಾನ ಕೂಲಿ ಪಡೆಯುತ್ತಾರೆ. ಮೊದಲು ಬಂದವರು ಗೊಣಗುತ್ತಾರೆ. ಆಗಮನದ ಅನುಕ್ರಮವೇ ಹಕ್ಕಾಗಬೇಕೆಂಬುದು ಅವರ ದೂರು. ಯಜಮಾನನ ಧಾರಾಳತನವು ಆ ಲೆಕ್ಕಕ್ಕೆ ಒಳಪಡದು. ಪೌಲನಾದರೋ ಕಡೆಗೆ ಬಂದವರನ್ನು ಎಚ್ಚರಿಸುತ್ತಾನೆ. ಒಳ್ಳೆಯ ಮರಕ್ಕೆ ಕಸಿಮಾಡಲ್ಪಟ್ಟ ಕಾಡು ಕೊಂಬೆಯು ಮೊದಲಿನ ಕೊಂಬೆಗಳ ಮುಂದೆ ಹೆಚ್ಚಳಪಡಬಾರದು. ಬೇರನ್ನು ಹೊತ್ತಿರುವುದು ಅದಲ್ಲ, ಬೇರೇ ಅದನ್ನು ಹೊತ್ತಿದೆ (ರೋಮಾಪುರ 11:17–18). ಮೈಸೂರು ಸೀಮೆಯ ಸಭೆಗೆ ಈ ಎರಡು ಮಾತುಗಳೂ ಬೇಕು. ತಡವಾಗಿ ಬಂದ ಧರ್ಮ ಎಂಬ ಕಾರಣಕ್ಕೆ ಯಾರೂ ಈ ನೆಲದಲ್ಲಿ ಪರಕೀಯರಾಗುವುದಿಲ್ಲ. ಹಾಗೆಯೇ, ತನಗೆ ಮೊದಲು ಇಲ್ಲಿ ಬೆಳೆದ ನುಡಿ, ವಚನ, ಭಕ್ತಿ, ನೆರೆಹೊರೆಗಳಿಂದ ಪೋಷಣೆ ಪಡೆದದ್ದನ್ನು ಸಭೆಯು ಮರೆಯಲೂ ಬಾರದು. ಕಡೆಗೆ ಬಂದವರು ಲಂಟಾನದಂತೆ ನೆಲವನ್ನು ಮುಚ್ಚಬಹುದು, ಆಲದಂತೆ ಎಡೆ ಮಾಡಿಕೊಡಲೂಬಹುದು.

ಈ ವಾದವನ್ನು ಆದಿವಾಸಿಗಳ ಹಕ್ಕಿಗೆ ವಿರುದ್ಧವಾಗಿ ತಿರುಗಿಸುವುದೂ ತಪ್ಪು. ಸೋಲಿಗರ, ಜೇನುಕುರುಬರ ಹಕ್ಕು ಕೇವಲ ಮೊದಲು ಬಂದವರೆಂಬ ಲೆಕ್ಕದ ಮೇಲೆ ನಿಂತಿಲ್ಲ. ಕಾಡಿನೊಡನೆ ಅವರು ಬಾಳಿದ ಬಾಳು, ಅದರಿಂದ ಅವರನ್ನು ಕೀಳುವುದರಲ್ಲಿರುವ ಅನ್ಯಾಯ, 2006ರ ಅರಣ್ಯ ಹಕ್ಕು ಕಾಯಿದೆ ಇವುಗಳ ಮೇಲೆ ಅದು ನಿಂತಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಆ ಕಾಯಿದೆಯಡಿ ಸಮುದಾಯ ಹಕ್ಕುಗಳು ದೊರೆತವು. ಭೂಮಿ ನನ್ನದು, ನೀವು ನನ್ನ ಬಳಿಯಲ್ಲಿ ಪ್ರವಾಸಿಗಳು ಎಂಬರ್ಥದ ಮಾತು ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಬರುವುದು ಬಡವನ ಭೂಮಿಯನ್ನು ಅವನಿಗೆ ಹಿಂದಿರುಗಿಸುವ ಆಜ್ಞೆಯ ನಡುವೆಯೇ ಎಂಬುದನ್ನು ಗಮನಿಸಬೇಕು.

6. ನಮ್ಮ ಕೈಯಲ್ಲಿರುವ ಅನುಕ್ರಮ

ಕೊನೆಗೆ ಬಂಡೀಪುರದ ಹಾದಿಗೆ ಮರಳೋಣ. ಲಂಟಾನವನ್ನು ಕಿತ್ತರೆ ಸಾಕು, ಹಳೆಯ ಕಾಡು ತಾನಾಗಿ ಬರುತ್ತದೆ ಎಂಬುದು ಕ್ಲೆಮೆಂಟ್ಸನ ಸಿದ್ಧಾಂತದ ಭರವಸೆ. ಆಗಮನಚರಿತ್ರೆಯನ್ನು ಬಲ್ಲವರು ಹಾಗೆನ್ನಲಾರರು. ಕಿತ್ತ ಜಾಗವು ಮತ್ತೆ ತೆರೆದ ಜಾಗ. ಅಲ್ಲಿ ಲೆಕ್ಕ ಪುನಃ ಆರಂಭವಾಗುತ್ತದೆ. ಸುತ್ತ ಲಂಟಾನವೇ ಇದ್ದರೆ ಮೊದಲು ಬರುವುದೂ ಅದೇ. ಆದ್ದರಿಂದ ಕೀಳುವುದರೊಡನೆ ಹುಲ್ಲನ್ನೂ ಸ್ಥಳೀಯ ಸಸಿಗಳನ್ನೂ ಮೊದಲು ತಲುಪಿಸಬೇಕು; ಕೆಲವು ವರ್ಷಗಳಾದರೂ ಹಿಂಬಾಲಿಸಿ ಕಾಯಬೇಕು. ಬೇಸಗೆ ಬಲಿಯುವ ಮುನ್ನ ನೆಲದ ಒಣಗಿದೆಲೆಗಳಿಗೆ ಹಚ್ಚುತ್ತಿದ್ದ ತರಗು ಬೆಂಕಿಯನ್ನು ನಿಷೇಧಿಸಿದ ಮೇಲೆ ಲಂಟಾನ ಹೆಚ್ಚಿತೆಂದು ಸೋಲಿಗರು ಹೇಳುತ್ತಾರೆ. ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಕಾಡಿನ ಚರಿತ್ರೆಯನ್ನು ನೆನಪಿಟ್ಟಿರುವವರನ್ನು ಕೇಳದೆ ಕಾಡನ್ನು ಸುಧಾರಿಸಲು ಹೊರಡುವುದು ಅವಿವೇಕ.

ಸೃಷ್ಟಿಯ ಆರು ದಿನಗಳ ವರ್ಣನೆಯಲ್ಲಿ ಮನುಷ್ಯನು ಕಡೆಗೆ ಬಂದವನು. ಅವನು ಬರುವಾಗ ನೆಲವೂ ನೀರೂ ತುಂಬಿದ್ದವು. ಬಂದ ಮೇಲೆ ಬಾಗಿಲುಗಳನ್ನು ತೆರೆಯುವ, ಮುಚ್ಚುವ ಅಧಿಕಾರ ಅವನ ಕೈಗೆ ಬಂದಿತು. ಹಡಗಿನಲ್ಲಿ ಗಿಡ ತಂದವನೂ ಅವನೇ, ಮರ ಕಡಿದು ಜಾಗ ತೆರೆದವನೂ ಅವನೇ. ಮುಂದಿನ ಸಾವಿರಾರು ವರ್ಷಗಳ ವಿಕಾಸವು ಯಾವ ವಂಶಗಳಿಂದ ಕವಲೊಡೆಯಬೇಕೆಂಬುದನ್ನು ನಮ್ಮ ಪೀಳಿಗೆಯು ಬಹುಮಟ್ಟಿಗೆ ಅರಿಯದೆಯೇ ನಿರ್ಧರಿಸುತ್ತಿದೆ. ಅರಿತ ಮೇಲೆ ಅರಿಯದವರಂತೆ ನಡೆಯುವುದು ಪಾಪ.

ನಮ್ಮ ಸಭೆಗಳಿಗೆ ದೇವಾಲಯದ ಅಂಗಳಗಳಿವೆ, ಶಾಲೆಗಳ ಮೈದಾನಗಳಿವೆ, ಸಮಾಧಿಭೂಮಿಗಳಿವೆ. ಅವುಗಳ ಬೇಲಿಯಲ್ಲಿ ಏನು ಬೆಳೆದಿದೆ, ತೆರವಾದ ಮೂಲೆಗೆ ಮೊದಲು ಏನು ಬರಲಿದೆ ಎಂದು ಮುಂದಿನ ಮುಂಗಾರಿಗೆ ಮುಂಚೆ ಒಮ್ಮೆ ನೋಡಿಬರುವುದು ಸಭಾಹಿರಿಯರಿಗೂ ಗುರುಗಳಿಗೂ ಕಷ್ಟದ ಕೆಲಸವಲ್ಲ. ಅಲ್ಲಿ ಮೊದಲು ನೆಡುವುದು ಹಲವಕ್ಕೆ ಎಡೆ ಮಾಡಿಕೊಡುವ ಒಂದು ಅತ್ತಿಯೋ ಆಲವೋ ಆಗಲಿ.